ಕುಂಭೀಪಾಕದ ಒಲೆಗೆ ಸೌದೆ ತರುವವರು

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಕುಂಭೀಪಾಕವೆಂಬ ನರಕ ನಲವತ್ತು ಪುಟಗಳ ಉದ್ದಕ್ಕೂ ಉರಿಯುತ್ತಿತ್ತು. ಕುದಿಯುವ ಎಣ್ಣೆಯಿತ್ತು, ಚೀರಾಟವಿತ್ತು, ಕೆಂಗಣ್ಣಿನ ಯಮದೂತರಿದ್ದರು. ‘ಘೋರ’ ಎಂಬ ಪದ ಪುಟಕ್ಕೆರಡು ಸಲವಾದರೂ ಬರುತ್ತಿತ್ತು. ಶಿಡ್ಲಘಟ್ಟದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಒಂದು ಸಂಜೆ ಅದರ ಒಂದು ಅಧ್ಯಾಯವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಇಪ್ಪತ್ತೆರಡು ವರ್ಷ ಬಿಸಿನೀರಿನ ತೊಟ್ಟಿಯ ಮುಂದೆ ದುಡಿದವಳು. ಕೊನೆಯವರೆಗೂ ಸುಮ್ಮನೆ ಕೇಳಿಸಿಕೊಂಡು, “ಅಷ್ಟು ದೊಡ್ಡ ಕೊಪ್ಪರಿಗೆಗೆ ಸೌದೆ ಯಾರು ತಂದು ಹಾಕ್ತಾರೆ?” ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಮೂರು ವರ್ಷ ಕಳೆದೆ. ಮೊದಲ ಕರಡಿನಲ್ಲಿ ಒಂದು ಪುಟವೂ ಉಳಿಯಲಿಲ್ಲ.

ಡಾರ್ಕ್ ಫ್ಯಾಂಟಸಿ ಎಂದು ಈಗ ಕರೆಯುವ, ಭಯದ ಕಲ್ಪಿತ ಲೋಕವೊಂದನ್ನು ಕಟ್ಟುವ ಬಗೆಯ ಕಥೆಯನ್ನು ಕನ್ನಡದಲ್ಲಿ, ನಮ್ಮ ಪುರಾಣಗಳ ನರಕವನ್ನೇ ನೆಲವಾಗಿಟ್ಟುಕೊಂಡು ಬರೆಯಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಮಾರಾಟಕ್ಕಿಡುತ್ತಿದ್ದ ನರಕದ ಪಟವೊಂದು ನಮ್ಮ ನೆರೆಮನೆಯ ಗೋಡೆಯ ಮೇಲೆ ತೂಗುತ್ತಿತ್ತು. ನಡುವೆ ಸಿಂಹಾಸನದ ಮೇಲೆ ಯಮ, ಸುತ್ತಲೂ ಚೌಕಗಳು, ಒಂದೊಂದು ಚೌಕದಲ್ಲಿ ಒಂದೊಂದು ಪಾಪ ಮತ್ತು ಅದಕ್ಕೆ ತಕ್ಕ ಶಿಕ್ಷೆ. ಆ ಪಟ ನನ್ನನ್ನು ಹೆದರಿಸುತ್ತಿತ್ತು, ಕೂತಲ್ಲಿಂದ ಏಳದಂತೆ ಹಿಡಿದಿಡುತ್ತಲೂ ಇತ್ತು. ನಾನು ಮೊದಲು ಬರೆದದ್ದು ಆ ಪಟವನ್ನೇ ಎಂಬುದು ಅಮ್ಮನ ಪ್ರಶ್ನೆಯ ನಂತರ ಹೊಳೆಯಿತು. ಪಟದ ಚೌಕಗಳಿಗೆ ಬಾಗಿಲುಗಳಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ದಾರಿಯಿರಲಿಲ್ಲ. ಎಣ್ಣೆ ಮುಗಿದರೆ ತರುವ ಅಂಗಡಿಯೂ ಇರಲಿಲ್ಲ.

ಹಾಗಾಗಿ ಮೂಲಕ್ಕೆ ಹಿಂತಿರುಗಿದೆ. ಭಾಗವತದ ಐದನೆಯ ಸ್ಕಂಧದ 26ನೆಯ ಅಧ್ಯಾಯದಲ್ಲಿ 28 ನರಕಗಳ ಪಟ್ಟಿಯಿದೆ. ತಾಮಿಸ್ರದಿಂದ ತೊಡಗಿ ಸೂಚೀಮುಖದವರೆಗೆ ಹೆಸರುಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ಪ್ರತಿಯೊಂದರ ಎದುರಿಗೂ ಶಿಕ್ಷೆಯ ಬದಲು ಅಲ್ಲಿಗೆ ಬೇಕಾಗುವ ಸಾಮಾನುಗಳನ್ನು ಗುರುತಿಸುತ್ತಾ ಹೋದೆ. ಕಾಲಸೂತ್ರದಲ್ಲಿ ಹತ್ತು ಸಾವಿರ ಯೋಜನ ಸುತ್ತಳತೆಯ ತಾಮ್ರದ ಬಯಲಿದೆ: ಅದನ್ನು ಹಾಸಿದ ಕಂಚುಗಾರರು ಯಾರು? ಸಾರಮೇಯಾದನದಲ್ಲಿ ವಜ್ರದಂಥ ಹಲ್ಲುಗಳ 720 ನಾಯಿಗಳಿವೆ: ಪಾಪಿಗಳು ಬಾರದ ದಿನ ಅವುಗಳಿಗೆ ಅನ್ನ ಹಾಕುವವರು ಯಾರು? ಸೂಚೀಮುಖದಲ್ಲಿ ಹಣದಾಸೆಯವನ ಮೈಯನ್ನು ಯಮಭಟರು ನೇಕಾರರಂತೆ ದಾರಗಳಿಂದ ಹೊಲಿಯುತ್ತಾರೆಂದು ಮೂಲದಲ್ಲೇ ಇದೆ. ‘ನೇಕಾರರಂತೆ’ ಎಂಬ ಆ ಒಂದು ಉಪಮೆಯನ್ನು ಓದಿದಾಗ ನನ್ನ ಬೆರಳು ಪುಟದ ಮೇಲೆಯೇ ನಿಂತಿತು. ಪುರಾಣಕಾರನಿಗೂ ನರಕವನ್ನು ಕಣ್ಣಿಗೆ ಕಟ್ಟಿಸಲು ಒಂದು ಕಸುಬು ಬೇಕಾಗಿತ್ತು.

ಹೀಗೆ ಗುರುತಿಸುವಾಗ ನರಕಗಳು ಒಂದಕ್ಕೊಂದು ತಾವಾಗಿಯೇ ಕೂಡಿಕೊಳ್ಳತೊಡಗಿದವು. ಕತ್ತಿಯಂಥ ಎಲೆಗಳ ಅಸಿಪತ್ರವನ ಕುಂಭೀಪಾಕಕ್ಕೆ ಸೌದೆ ಒದಗಿಸುವ ಕಾಡಾಯಿತು. ಅಲ್ಲಿ ಮರ ಕಡಿಯುವವರ ಮೈಯಲ್ಲಿ ಗಾಯವಿಲ್ಲದ ಜಾಗವಿರುವುದಿಲ್ಲ, ಆದ್ದರಿಂದ ಅವರ ಕೂಲಿ ಹೆಚ್ಚು. ಎಣ್ಣೆಯ ಪ್ರಶ್ನೆಗೆ ನಮ್ಮೂರೇ ಉತ್ತರ ಕೊಟ್ಟಿತು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳುವಿನಿಂದ ಎಣ್ಣೆ ತೆಗೆಯುತ್ತಾರೆಂಬುದು ಶಿಡ್ಲಘಟ್ಟದಲ್ಲಿ ಮಕ್ಕಳಿಗೂ ಗೊತ್ತು. ಆ ವಾಸನೆ ನಮ್ಮ ಬೀದಿಗಳ ಗಾಳಿಯಲ್ಲೇ ಇದೆ. ಭಾಗವತದ ಕ್ರಿಮಿಭೋಜನದಲ್ಲಿ ಲಕ್ಷ ಯೋಜನ ವಿಸ್ತಾರದ ಹುಳುಗಳ ಕೊಳವಿದೆ. ಅದರ ದಡದಲ್ಲಿ ಗಾಣಗಳನ್ನಿಟ್ಟೆ. ಗಾಣದಿಂದ ಕುಂಭೀಪಾಕದವರೆಗೆ ಎಣ್ಣೆಯ ಬಂಡಿಗಳು ಹೋಗುವ ದಾರಿ ಮಾಡಿದೆ, ದಾರಿಯಿದ್ದ ಮೇಲೆ ಸುಂಕದ ಕಟ್ಟೆ ಬಂತು, ಸುಂಕದ ಕಟ್ಟೆಯಿದ್ದ ಕಡೆ ಒಂದು ಮುದ್ದೆಯ ಹೋಟೆಲು ತಾನಾಗಿಯೇ ಹುಟ್ಟಿತು.

ಆದರೆ ಅಲ್ಲಿ ವಾಸವಾಗಿರುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ನಮ್ಮ ಪುರಾಣಗಳ ನರಕ ಶಾಶ್ವತವಲ್ಲ. ಕರ್ಮ ಸವೆದ ಮೇಲೆ ಜೀವ ಅಲ್ಲಿಂದ ಹೊರಟು ಮತ್ತೊಂದು ಹುಟ್ಟಿಗೆ ಹೋಗುತ್ತದೆ. ಈ ಸಂಗತಿ ಎಲ್ಲರಿಗೂ ತಿಳಿದಿರುವುದೇ ಆದರೂ ಅದರ ಪರಿಣಾಮವನ್ನು ನಾನು ಯೋಚಿಸಿರಲಿಲ್ಲ. ಶಿಕ್ಷೆ ಅನುಭವಿಸುವವರು ಬಂದು ಹೋಗುವವರಾದರೆ, ಹೋಗದೆ ಉಳಿಯುವವರು ಒಲೆ ಉರಿಸುವವರು, ನಾಯಿ ಸಾಕುವವರು, ಲೆಕ್ಕ ಬರೆಯುವವರು. ನರಕದ ಊರಿನವರೆಂದರೆ ಅವರೇ. ಪಟದಲ್ಲಿ ಅವರಿಗೆ ಮುಖವೇ ಇರಲಿಲ್ಲ, ಕೋರೆಹಲ್ಲು ಮತ್ತು ಗದೆ ಮಾತ್ರ ಇದ್ದವು. ನನ್ನ ಕಾದಂಬರಿಯ ನಾಯಕಿ ಆ ದಿನ ಹುಟ್ಟಿದಳು. ಕೆಲಸದಿಂದಲೇ ಹೆಸರು ಪಡೆಯುವ ಆ ಲೋಕದಲ್ಲಿ ಅವಳು ಒಲೆಯಕ್ಕ.

ಗರುಡಪುರಾಣದ ಪ್ರೇತಕಲ್ಪ ಈ ಲೋಕಕ್ಕೆ ಹಾದಿ ಕೊಟ್ಟಿತು. ಸತ್ತವನು ಯಮನ ಪಟ್ಟಣವನ್ನು ಮುಟ್ಟಲು 86,000 ಯೋಜನ ನಡೆಯಬೇಕು. ದಾರಿಯಲ್ಲಿ ಸೌಮ್ಯ, ಸೌರಿಪುರ, ನಗೇಂದ್ರಭವನ, ಗಂಧರ್ವ ಎಂದು ಮೊದಲಾಗಿ ಬಹುಭೀತಿಯವರೆಗೆ 16 ಊರುಗಳಿವೆ. ದಿನಕ್ಕೆ 247 ಯೋಜನದಂತೆ ನಡೆದರೆ 348 ದಿನಗಳಾಗುತ್ತವೆ. ದಾರಿಯ ಆ ಊರುಗಳಲ್ಲಿ ಅವನು ಉಣ್ಣುವುದು ಭೂಮಿಯ ಮೇಲೆ ಮನೆಯವರು ತಿಂಗಳು ತಿಂಗಳಿಗೆ ಇಡುವ ಪಿಂಡವನ್ನು. ಇದನ್ನು ಶ್ರಾದ್ಧದ ವಿಧಿಯೆಂದು ಓದಿದಾಗ ಕಾಣದ್ದು ಒಂದು ನಾಡಿನ ವ್ಯವಹಾರವೆಂದು ಓದಿದಾಗ ಕಂಡಿತು. ಹದಿನಾರು ಊರುಗಳೂ ಮೇಲಿನಿಂದ ಬರುವ ಅನ್ನವನ್ನೇ ನಂಬಿವೆ. ಯಾರೂ ಪಿಂಡವಿಡದವನು ಆ ಊರುಗಳಲ್ಲಿ ಸಾಲ ಮಾಡುತ್ತಾನೆ. ಸಾಲ ಕೊಡುವವನೊಬ್ಬ ಇದ್ದೇ ಇರುತ್ತಾನೆ. ಯಮನ ಕಚೇರಿಯನ್ನು ಮುಟ್ಟುವ ಹೊತ್ತಿಗೆ ಅವನ ಮೇಲೆ ಭೂಮಿಯ ಪಾಪದ ಜೊತೆಗೆ ದಾರಿಯ ಸಾಲವೂ ಕೂಡಿರುತ್ತದೆ. ಊರುಗಳ ನಕಾಶೆಯನ್ನು ನಾನು ನಮ್ಮಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ, ನಿಲ್ದಾಣದಿಂದ ನಿಲ್ದಾಣಕ್ಕೆ ಒಂದೊಂದು ಊರಿನಂತೆ ಬರೆದೆ. ಅಲ್ಲಿನ ಜನರ ಮಾತೂ ಆ ಬಸ್ಸಿನದೇ: ಕನ್ನಡದಲ್ಲಿ ತೊಡಗಿ, ತೆಲುಗಿನಲ್ಲಿ ಚೌಕಾಶಿ ಮಾಡಿ, ಉರ್ದುವಿನಲ್ಲಿ ಮುಗಿಸುವ ಮಾತು. ಸೂರ್ಯನಿಲ್ಲದ ಲೋಕದಲ್ಲಿ ಕಾಲವನ್ನು ಅಳೆಯಲು ಹುಳು ಸಾಕುವವರ ಪದವನ್ನು ತೆಗೆದುಕೊಂಡೆ. ರೇಷ್ಮೆಹುಳು ಪೊರೆ ಕಳಚುವ ಮುನ್ನ ಮೇವು ಬಿಟ್ಟು ನಿಶ್ಚಲವಾಗುವುದನ್ನು ನಮ್ಮಲ್ಲಿ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಗೂಡು ಕಟ್ಟುವ ಮುನ್ನ ಅದು ನಾಲ್ಕು ಜ್ವರ ದಾಟಬೇಕು. ನನ್ನ ನರಕದಲ್ಲಿ ಶಿಕ್ಷೆಯ ಅವಧಿಯನ್ನು ಜ್ವರಗಳಲ್ಲಿ ಎಣಿಸುತ್ತಾರೆ.

ಶಾಖವನ್ನು ಬರೆಯುವುದು ಮಾತ್ರ ಕೈಗೆ ಹತ್ತಲಿಲ್ಲ. ಅದಕ್ಕಾಗಿ ಕೆಜಿಎಫ್‌ಗೆ ಹೋದೆ. ಅಲ್ಲಿನ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ಕೆಳಗೆ ಇಳಿಯುವಂತಿಲ್ಲ. ಆದರೆ ಇಳಿದವರು ಇದ್ದಾರೆ. ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು, ಆ ಆಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತಿತ್ತು. ಭೂಮಿಯ ಕೆಳಗೆ, ಕತ್ತಲಲ್ಲಿ, ಬೆಂಕಿಯಂಥ ಕಲ್ಲಿನ ನಡುವೆ ತಲೆಮಾರುಗಟ್ಟಲೆ ಜನ ದುಡಿದ ಜಾಗ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇರುವಾಗ ನಾನು ನರಕದ ಶಾಖವನ್ನು ವಿಶೇಷಣಗಳಲ್ಲಿ ಹುಡುಕುತ್ತಿದ್ದೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸಯನೈಡ್ ದಿಬ್ಬಗಳ ಹತ್ತಿರದ ಸಾಲುಮನೆಯೊಂದರ ಮುಂದೆ ಕುಳಿತಿದ್ದ ನಿವೃತ್ತ ಕಾರ್ಮಿಕರೊಬ್ಬರು ಎರಡು ಗಂಟೆ ಮಾತನಾಡಿದರು. ಆ ಎರಡು ಗಂಟೆಯಲ್ಲಿ ಅವರು ಬಿಸಿಯ ಬಗ್ಗೆ ಆಡಿದ್ದು ಬಹುಶಃ ನಾಲ್ಕು ಮಾತು. ಉಳಿದದ್ದೆಲ್ಲ ಪಾಳಿಯ ಬಗ್ಗೆ, ತೊಟ್ಟಿಲಿನಂಥ ಲಿಫ್ಟಿನಲ್ಲಿ ಯಾರ ಪಕ್ಕ ಯಾರು ನಿಲ್ಲುತ್ತಿದ್ದರು ಎಂಬುದರ ಬಗ್ಗೆ, ಮೇಲ್ವಿಚಾರಕರ ಸಿಟ್ಟಿನ ಬಗ್ಗೆ. ಒತ್ತಡದಿಂದ ಬಂಡೆ ಸಿಡಿಯುವುದನ್ನು ಅವರು ‘ಏರ್ ಬ್ಲಾಸ್ಟ್’ ಎಂದರು. ಅದನ್ನು ಹೇಳುವಾಗ ದನಿ ಏರಲಿಲ್ಲ, ಇಳಿಯಿತು, ಮತ್ತು ಅಂಥ ಒಂದು ದಿನ ಹಿಂತಿರುಗದವನ ಊಟದ ಡಬ್ಬಿಯನ್ನು ಮನೆಗೆ ಯಾರು ಒಯ್ಯಬೇಕೆಂದು ನಡೆದ ಮಾತನ್ನು ಹೇಳಿದರು. ಹಿಂತಿರುಗಿದ ರಾತ್ರಿ ನಾನು ಕರಡಿನಲ್ಲಿದ್ದ ‘ಘೋರ’, ‘ಕರಾಳ’, ‘ಭೀಕರ’ಗಳನ್ನೆಲ್ಲ ಹೊಡೆದುಹಾಕಿದೆ. ‘ಘೋರಾಂಧಕಾರದಲ್ಲಿ ಕರಾಳ ಜ್ವಾಲೆಗಳು ನಾಲಗೆ ಚಾಚಿದ್ದವು’ ಎಂದು ಮೊದಲಿಗೆ ತೊಡಗುತ್ತಿದ್ದ ಅಧ್ಯಾಯ ಈಗ ಹೀಗೆ ತೊಡಗುತ್ತದೆ: ‘ಪಾಳಿ ಬದಲಾಗುವ ಹೊತ್ತಿಗೆ ಮೂರನೆಯ ಒಲೆ ಮಂಕಾಗಿತ್ತು. ಹಿಂದಿನ ಪಾಳಿಯವರನ್ನು ಬೈದುಕೊಳ್ಳುತ್ತಲೇ ಒಲೆಯಕ್ಕ ಒಂದು ಹೊರೆ ತುಂಡುಗಳನ್ನು ಒಳಗೆ ನೂಕಿದಳು.’

ಯಮಲೋಕದ ದಾರಿಯಲ್ಲಿ ದಾಟಬೇಕಾದ ಹೊಲಸು ನದಿ ವೈತರಣಿಯನ್ನು ಬರೆಯಲು ಹೆಚ್ಚು ದೂರ ಹೋಗಬೇಕಾಗಲಿಲ್ಲ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ ಕೆರೆಗಳು ತುಂಬಿದ್ದನ್ನು ಕಂಡು ಸಂತೋಷಪಟ್ಟ ರೈತನೂ ಆ ನೀರಿಗೆ ಕೈಯಿಡಲು ಹಿಂಜರಿದದ್ದನ್ನೂ ನಾನು ನೋಡಿದ್ದೇನೆ. ಬೇರೊಬ್ಬರು ಬಿಟ್ಟ ಹೊಲಸನ್ನೇ ಬದುಕಿಗೆ ಆಧಾರ ಮಾಡಿಕೊಂಡವರ ಆ ಎರಡು ಮನಸ್ಸು ನನ್ನ ವೈತರಣಿಯ ದಡದವರಿಗೆ ಬಂದಿದೆ.

ಇಷ್ಟಾಗುವ ಹೊತ್ತಿಗೆ ಲೋಕ ಸಿದ್ಧವಾಗಿತ್ತು, ನನಗೆ ಅದರ ಮೇಲೆ ಮೋಹವೂ ಬಂದಿತ್ತು. ಅಪಾಯ ಇದ್ದದ್ದು ಅಲ್ಲಿಯೇ. ಎರಡನೆಯ ಕರಡನ್ನು ಓದಿದ ಗೆಳತಿಯೊಬ್ಬಳು ಅದನ್ನು ಹಿಂತಿರುಗಿಸುತ್ತಾ, ಒಲೆಯ ಪಕ್ಕದ ಹರಟೆ ಚೆನ್ನಾಗಿದೆ, ಆದರೆ ಕೊಪ್ಪರಿಗೆಯೊಳಗೆ ಇದ್ದವರು ಎಲ್ಲಿ ಹೋದರು ಎಂದು ಕೇಳಿದಳು. ಕೆಲಸದವರ ಬದುಕನ್ನು ಬರೆಯುವ ಉತ್ಸಾಹದಲ್ಲಿ ನಾನು ನೋವನ್ನೇ ಮರೆಸಿದ್ದೆ. ನರಕ ಒಂದು ಹಳೆಯ ಪೇಟೆಯಂತೆ, ಸ್ವಲ್ಪ ಹೊಗೆಯಿರುವ ನೆಂಟರೂರಿನಂತೆ ಆಗಿಬಿಟ್ಟಿತ್ತು. ನನ್ನ ದೃಷ್ಟಿಯಲ್ಲಿ ಇದು ಮೊದಲ ಕರಡಿನ ತಪ್ಪಿಗಿಂತ ದೊಡ್ಡ ತಪ್ಪು. ಪಟವಾದರೂ ನೋವನ್ನು ನೋವೆಂದು ತೋರಿಸುತ್ತಿತ್ತು. ಹಾಗಾಗಿ ಒಲೆಯ ಮುಂದೆ ಉಣ್ಣುವ ಪ್ರತಿ ದೃಶ್ಯದಲ್ಲೂ ಕೊಪ್ಪರಿಗೆಯ ಸದ್ದನ್ನು ಬಿಡದೆ ಇಟ್ಟೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಆ ಸದ್ದಿಗೆ ಊಟ ಬಿಡುತ್ತಾನೆ. ಒಂದು ಜ್ವರ ಕಳೆಯುವಷ್ಟರಲ್ಲಿ ಉಣ್ಣುತ್ತಾನೆ. ಅವನು ಮೊದಲ ಸಲ ಹೊಟ್ಟೆ ತುಂಬ ಉಂಡ ದಿನ ಒಲೆಯಕ್ಕ ಅವನ ಕಡೆ ನೋಡಲಾರದೆ ಎದ್ದು ಹೋಗುತ್ತಾಳೆ. ಇಡೀ ಕಾದಂಬರಿಯಲ್ಲಿ ನಾನು ಅತ್ಯಂತ ಕಷ್ಟಪಟ್ಟು ಬರೆದ ಪುಟ ಅದು, ಅದರಲ್ಲಿ ರಕ್ತದ ಒಂದು ಹನಿಯೂ ಇಲ್ಲ.

ಇನ್ನೊಂದು ಸಂಗತಿಯನ್ನು ನಾನು ಅಮ್ಮನಿಂದ ಮುಚ್ಚಿಟ್ಟಿದ್ದೆ. ಕುಂಭೀಪಾಕ ಯಾರಿಗೆ ಎಂದು ಭಾಗವತ ಸ್ಪಷ್ಟವಾಗಿ ಹೇಳುತ್ತದೆ: ಪಶುಪಕ್ಷಿಗಳನ್ನು ಜೀವಂತವಾಗಿ ಬೇಯಿಸುವವರಿಗೆ. ಶಿಡ್ಲಘಟ್ಟದಲ್ಲಿ ಹುಟ್ಟಿದವರು ಈ ವಾಕ್ಯವನ್ನು ಓದಿ ಮುಂದಿನ ಶ್ಲೋಕಕ್ಕೆ ಹೋಗುವುದು ಸುಲಭವಲ್ಲ. ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ, ಆದ್ದರಿಂದ ಅದು ಒಳಗಿರುವಾಗಲೇ ಗೂಡನ್ನು ಬೇಯಿಸಬೇಕು. ನೂರಾರು ಮೀಟರು ಉದ್ದದ ಒಂದೇ ಎಳೆ ಕಡಿಯದೆ ಬರುವುದು ಹಾಗೆಯೇ. ಒಮ್ಮೆ ಮಾತಿಗೆ ಮಾತು ಬಂದು ಅಮ್ಮನಿಗೆ ಆ ಶ್ಲೋಕದ ಅರ್ಥವನ್ನು ಹೇಳಬೇಕಾಯಿತು. “ಹಾಗಾದ್ರೆ ನಾನು ಅಲ್ಲಿಗೇ ಹೋಗೋದು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಸೀರೆ ಉಟ್ಟೋರು?” ಎಂದಳು. ದೇವರ ಮುಂದೆ ಮಡಿಯೆಂದು ರೇಷ್ಮೆ ಉಡುವವರನ್ನು ಯಾವ ಚೌಕದಲ್ಲಿ ಕೂರಿಸಬೇಕೆಂದು ಆ ಪಟ ಬರೆದವನು ಯೋಚಿಸಿರಲಿಲ್ಲ. ಅಮ್ಮನ ಬೆರಳ ಸಂದುಗಳು ಬಿಸಿನೀರಿನಲ್ಲಿ ಹುಣ್ಣಾಗಿ ಮಾಗಿದ ಕಲೆಗಳು ಈಗಲೂ ಇವೆ, ರಾತ್ರಿ ಉಬ್ಬಸ ಬರುತ್ತದೆ. ಶಿಕ್ಷೆ ಮೊದಲೇ ಆಗಿಹೋದ ಪಾಪಕ್ಕೆ ಮತ್ತೆ ಶಿಕ್ಷೆ ಕೊಡುವ ಲೋಕವನ್ನು ನಾನು ಒಪ್ಪಿ ಬರೆಯಲಾರೆ ಎಂದು ಆ ದಿನ ನನಗೆ ಖಚಿತವಾಯಿತು. ಒಲೆಯಕ್ಕ ಹುಟ್ಟಿನಿಂದ ನರಕದವಳಲ್ಲ, ಅವಳು ಒಬ್ಬ ನೂಲು ಬಿಚ್ಚುವ ಹೆಂಗಸು, ಶಿಕ್ಷೆಯ ಅವಧಿ ತೀರಿಸಲು ಅದೇ ಒಲೆಯ ಮುಂದೆ ಕೂತವಳು ಎಂದು ಅವಳ ಕಥೆಯನ್ನು ಬದಲಿಸಿದೆ. ಆದರೆ ಅವಳು ಅಲ್ಲಿಂದ ಹೊರಬರುವ ದಾರಿ ಯಾವುದು?

ದಾರಿ ಸಿಕ್ಕಿದ್ದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ. ಉತ್ತರ ಪಿನಾಕಿನಿಯ ದಡದ ಆ ಕ್ಷೇತ್ರಕ್ಕೆ ವಿದುರ ನೆಟ್ಟನೆನ್ನುವ ಅಶ್ವತ್ಥದಿಂದ ಹೆಸರು ಬಂದಿದೆ. ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಅಲ್ಲಿಗೆ ನಾನು ಮೊದಲೂ ಹೋಗಿದ್ದೆ, ವಿದುರ ಯಮನ ಅವತಾರವೆಂಬುದೂ ಗೊತ್ತಿತ್ತು, ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಯಮ ಮನುಷ್ಯನಾಗಿ ಹುಟ್ಟಿದ್ದು ಶಾಪದಿಂದ, ಆ ಶಾಪದ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಮೌನವ್ರತದಲ್ಲಿದ್ದ ಮಾಂಡವ್ಯನ ಆಶ್ರಮದಲ್ಲಿ ಕಳ್ಳರು ಕದ್ದ ಮಾಲನ್ನು ಅಡಗಿಸಿದರು, ರಾಜಭಟರು ಋಷಿಯನ್ನೂ ಹಿಡಿದರು, ಅವನನ್ನು ಶೂಲಕ್ಕೇರಿಸಲಾಯಿತು. ಸಾಯದೆ ಉಳಿದ ಮಾಂಡವ್ಯ ಯಮನ ಸಭೆಗೇ ಹೋಗಿ ತಾನು ಮಾಡಿದ ಪಾಪವೇನೆಂದು ಕೇಳಿದ. ಬಾಲ್ಯದಲ್ಲಿ ನೀನು ಹುಳುಗಳ ಬಾಲಕ್ಕೆ ಹುಲ್ಲುಕಡ್ಡಿ ಚುಚ್ಚಿದ್ದೆ ಎಂದು ಯಮ ಹೇಳಿದ. ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ದಂಡ ವಿಧಿಸಿದ್ದಕ್ಕೆ ಮನುಷ್ಯನಾಗಿ ಹುಟ್ಟು ಎಂದು ಮಾಂಡವ್ಯ ಯಮನಿಗೇ ಶಾಪ ಕೊಟ್ಟ. ಅದಕ್ಕಿಂತ ಮುಖ್ಯವಾಗಿ, ಹದಿನಾಲ್ಕು ವರ್ಷ ತುಂಬುವವರೆಗೆ ಮಾಡಿದ್ದು ಪಾಪವಾಗದು ಎಂಬ ಮೇರೆಯನ್ನೂ ಅಲ್ಲಿಯೇ ಕಟ್ಟಿದ.

ಹುಳು. ಹುಲ್ಲುಕಡ್ಡಿ. ಹದಿನಾಲ್ಕು ವರ್ಷ. ಅಲ್ಲಿನ ಹುತಾತ್ಮರ ಸ್ಮಾರಕದ ಮುಂದೆ ಕುಳಿತು ನಾನು ಈ ಮೂರನ್ನೂ ಬಹಳ ಹೊತ್ತು ಮನಸ್ಸಿನಲ್ಲಿ ತಿರುವಿಹಾಕಿದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ದಂಡ ಕೊಡುವವರ ತಪ್ಪನ್ನು ನೆನಪಿಡಲು ಅದಕ್ಕಿಂತ ತಕ್ಕ ಸ್ಥಳ ನಮ್ಮ ಸೀಮೆಯಲ್ಲಿಲ್ಲ. ನರಕಕ್ಕೆ ಕಾನೂನಿದೆ, ಆ ಕಾನೂನು ಒಮ್ಮೆ ತಪ್ಪಿತ್ತು, ಒಬ್ಬ ನೊಂದವನು ಎದುರು ನಿಂತು ಅದನ್ನು ತಿದ್ದಿಸಿದ. ಅಂದಮೇಲೆ ಅದು ಬದಲಾಗಬಲ್ಲ ಲೋಕ. ಅಮ್ಮ ಮೊದಲ ಸಲ ತೊಟ್ಟಿಯ ಮುಂದೆ ನಿಂತಾಗ ಅವಳಿಗೆ ಹನ್ನೊಂದು ವರ್ಷ. ಒಲೆಯಕ್ಕನಿಗೂ ಹನ್ನೊಂದೇ. ಹದಿನಾಲ್ಕು ತುಂಬುವ ಮುನ್ನ ಅವಳು ಬೇಯಿಸಿದ ಗೂಡುಗಳನ್ನೂ ಚಿತ್ರಗುಪ್ತನ ಕಡತದಲ್ಲಿ ಕೂಡಿಸಲಾಗಿದೆ. ಮಾಂಡವ್ಯನ ಮೇರೆಯನ್ನು ಮುಂದಿಟ್ಟು ಆ ಲೆಕ್ಕವನ್ನು ಕಳೆಯಬೇಕೆಂದು ಅವಳು ಅರ್ಜಿ ಹಿಡಿದು ಹೊರಡುತ್ತಾಳೆ, ಅರ್ಜಿಗೆ ಸಾಕ್ಷಿ ಹುಡುಕುತ್ತಾ ಹದಿನಾರು ಊರುಗಳನ್ನು ಹಿಂದುಮುಂದಾಗಿ ದಾಟುತ್ತಾಳೆ. ಕಾದಂಬರಿಯ ಉಳಿದ ಭಾಗ ಅದೇ ಪ್ರಯಾಣ. ಬರೆಯಲು ಹದಿನಾಲ್ಕು ತಿಂಗಳು ಹಿಡಿಯಿತು, ಹೆಚ್ಚು ಎಡವಲಿಲ್ಲ.

ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಅಸಿಪತ್ರವನದ ಸೌದೆ ಕಡಿದ ದಿನವೇ ಒಲೆ ಸೇರುವಂತೆ ಬರೆದಿದ್ದೆ. ಹಸಿ ಸೌದೆ ಉರಿಯುವುದಿಲ್ಲ, ಹೊಗೆ ಕಣ್ಣಿಗೆ ಹೊಡೆಯುತ್ತದೆ ಎಂದು ತಿದ್ದಿದಳು. ಆದ್ದರಿಂದ ಈಗ ಕಾಡಿಗೂ ಒಲೆಗೂ ನಡುವೆ ಕಾಲಸೂತ್ರದ ತಾಮ್ರದ ಬಯಲಿನ ಅಂಚಿನಲ್ಲಿ ಸೌದೆ ಒಣಗಿಸುತ್ತಾರೆ.

ಚಿತ್ರಗುಪ್ತನ ಸಭೆಯ ಅಧ್ಯಾಯದಲ್ಲಿ ನಾನು ಸಿಕ್ಕಿಬಿದ್ದಿದ್ದೆ. ಒಲೆಯಕ್ಕನ ಹುಟ್ಟಿದ ದಿನ ಎಲ್ಲೂ ಬರೆದಿಲ್ಲ, ಶಾಲೆಯ ದಾಖಲೆಯಿಲ್ಲ, ಆಗ ಅವಳಿಗೆ ಹನ್ನೊಂದೇ ಎಂದು ಸಾಬೀತು ಮಾಡುವುದು ಹೇಗೆ? ಅಮ್ಮನನ್ನು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಲಿಲ್ಲ. “ತೊಟ್ಟಿಗೆ ಕೈ ಎಟುಕ್ತಿರ್ಲಿಲ್ಲ. ಕಾಲ ಕೆಳಗೆ ಎರಡು ಇಟ್ಟಿಗೆ ಇಡೋರು. ಎರಡು ವರ್ಷ ಆದ್ಮೇಲೆ ಒಂದು ತೆಗೆದ್ರು” ಎಂದಳು.

ಆ ರಾತ್ರಿಯೇ ಅಧ್ಯಾಯವನ್ನು ಮುಗಿಸಿದೆ. ಒಲೆಯಕ್ಕ ಸೆರಗಿನಿಂದ ಎರಡು ಇಟ್ಟಿಗೆಗಳನ್ನು ತೆಗೆದು ಸಭೆಯ ನಡುವೆ ಇಡುತ್ತಾಳೆ, ಅವುಗಳ ಮೇಲೆ ನಿಲ್ಲುತ್ತಾಳೆ, ಮತ್ತು ಚಿತ್ರಗುಪ್ತ ಲೇಖನಿಯನ್ನು ಕೆಳಗಿಟ್ಟು ಮೊದಲ ಸಲ ಅವಳ ಕಾಲುಗಳ ಕಡೆ ನೋಡುತ್ತಾನೆ.